ಮೂರು ಸಣ್ಣ ಗಾಡಿ, ಒಂದು ಮಂಜಿನ ತಿರುವು

ಲಕ್ಷ್ಮೇಶ್ವರ, ಹೊರಡುವ ಮುಂಚೆ

ಇಂಗ್ಲೆಂಡಿಗೆ ಹೋಗಿ ಬಂದೆ ಎಂದರೆ ಬೆಟಗೇರಿಯ ಜನ ಮೊದಲು ಕೇಳುವುದು ರಾಣಿಯ ಅರಮನೆ ನೋಡಿದೆಯಾ ಎಂದು. ರಾಣಿ ತೀರಿಕೊಂಡು ಬಹಳ ದಿನವಾಯಿತು ಎಂದರೆ, ಅರಮನೆ ಇದ್ದೇ ಇರಬೇಕಲ್ಲ ಎನ್ನುತ್ತಾರೆ. ನಾನು ನೋಡಲಿಲ್ಲ. ನಾನು ಹೋದದ್ದು ಇಂಗ್ಲೆಂಡಿಗೂ ಅಲ್ಲ, ಅದರ ಪಕ್ಕದ ವೇಲ್ಸಿಗೆ. ನೋಡಿದ್ದು ಮೂರು ಹಳೆಯ ಕಾರು, ಒಂದು ಗುಡ್ಡ, ಲೆಕ್ಕವಿಲ್ಲದಷ್ಟು ಕುರಿ. ಇನ್ನೊಂದನ್ನು ನೋಡಿದೆನೋ ಇಲ್ಲವೋ ಎಂಬುದನ್ನು ಪೂರ್ತಿ ಓದಿ ನೀವೇ ಹೇಳಬೇಕು.

ನನ್ನದು ಬೆಟಗೇರಿಯಲ್ಲಿ ಗಾಡಿ ಸಾಮಾನಿನ ಅಂಗಡಿ. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಫಿಲ್ಟರು ಮಾರುತ್ತೇನೆ, ಬೇಡವೆಂದರೂ ಉಪದೇಶವನ್ನು ಪುಕ್ಕಟೆ ಕೊಡುತ್ತೇನೆ. ದೆವ್ವ ಭೂತ ನಂಬುವವನಲ್ಲ. ಹಾಗಂತ ಅವುಗಳ ಜೊತೆ ವಾದಕ್ಕೆ ಇಳಿಯುವವನೂ ಅಲ್ಲ.

ಕಳಿಸಿದ್ದು ಲಕ್ಷ್ಮೇಶ್ವರದ ನನ್ನ ಅಕ್ಕ. ಅವಳ ಮಗಳು ಸುಮಾ ವೇಲ್ಸಿನ ಗುಡ್ಡಗಾಡಿನಲ್ಲಿ ನರ್ಸ್. ಆಸ್ಪತ್ರೆಯಲ್ಲಿ ಕೂರುವ ನರ್ಸ್ ಅಲ್ಲ. ಒಂಟಿ ಮನೆಗಳಿಗೆ ಹೋಗಿ ಮುದುಕರ ಗಾಯ ತೊಳೆದು ಕಟ್ಟುವ, ಇಂಜೆಕ್ಷನ್ ಚುಚ್ಚುವ ಕೆಲಸ. ಕಾರಿಲ್ಲದೆ ಅದು ನಡೆಯುವುದಿಲ್ಲ. ಚಳಿಗಾಲದ ಆರಂಭದಲ್ಲಿ ಅವಳ ಕಾರು ಮಂಜಿನಲ್ಲಿ ದಾರಿ ಬಿಟ್ಟು ಚರಂಡಿಗೆ ಉರುಳಿತು. ಮೈಗೆ ಒಂದು ಗೀರೂ ಆಗಲಿಲ್ಲ. ಆದರೆ ಅಂದಿನಿಂದ ಅವಳು ಸ್ಟೇರಿಂಗ್ ಮುಟ್ಟಲು ಒಲ್ಲೆ ಎನ್ನುತ್ತಿದ್ದಳು. ಮೇಲಿನವರು ಸದ್ಯಕ್ಕೆ ಆಫೀಸಿನಲ್ಲಿ ಕೂರಿಸಿದ್ದರು. ಚಳಿ ಮುಗಿಯುವುದರೊಳಗೆ ಅವಳು ಗಾಡಿ ಹಿಡಿಯದಿದ್ದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಆ ದೇಶದಲ್ಲಿ ಇರುವ ಪರವಾನಗಿಯೂ ಹೋಗುತ್ತದೆ.

"ಲೇ ಈರಣ್ಣಾ, ಆಕಿಗೆ ಗಾಡಿ ಕಲಿಸಿದಾಂವ ನೀನ," ಎಂದಳು ಅಕ್ಕ. "ಡೋಣಿ ರಸ್ತಾದಾಗ ಹಗಲೆಲ್ಲಾ ಅಡ್ಡಾಡಿಸಿ ಹುಡುಗಿಗೆ ಹುಚ್ಚ ಹಿಡಿಸಿದಿ. ಈಗ ನೀನ ಹೋಗಿ ಕುಂಡ್ರಸಿ ಬಾ."

"ಎಲ್ಲಿ ಕುಂಡ್ರಸ್ಲಿ?"

"ಗಾಡ್ಯಾಗ. ಮತ್ತೆಲ್ಲಿ, ಕುದರಿ ಮ್ಯಾಲೇನು?"

ಅಕ್ಕ ಹೇಳಿದ ಹುಚ್ಚು ನನ್ನದೇ. ಸಣ್ಣ ಜೋರು ಗಾಡಿಗಳ ಹುಚ್ಚು. ನೋಡಲು ಹಾಲು ತರಲು ಹೊರಟ ಮನೆಯ ಕಾರು; ಹಿಂದೊಂದು ಬಾಗಿಲು, ಒಳಗೆ ನಾಲ್ಕು ಜನ, ಒಂದು ಅಕ್ಕಿ ಚೀಲ. ಆದರೆ ತಯಾರಿಸಿದವರೇ ಅದರೊಳಗೆ ಗಟ್ಟಿ ಎಂಜಿನ್ನು, ಬಿಗಿ ಸ್ಪ್ರಿಂಗು, ದೊಡ್ಡ ಬ್ರೇಕು ಕೂರಿಸಿರುತ್ತಾರೆ. ಹಾಟ್ ಹ್ಯಾಚ್ ಎಂದು ಹೆಸರು. ನಮ್ಮ ಕಡೆ ಇಂಥವು ಅಪರೂಪ, ಬಂದರೂ ಗದಗಿನ ರೋಡ್ ಹಂಪುಗಳು ಅವುಗಳ ಹೊಟ್ಟೆ ಬಗೆಯುತ್ತವೆ. ವೇಲ್ಸಿನಲ್ಲಿ ಪಡ್ಡೆ ಹುಡುಗರಿಂದ ಪಾದ್ರಿಗಳವರೆಗೆ ಎಲ್ಲರೂ ಓಡಿಸುತ್ತಾರೆ.

ಡೋಣಿ ರಸ್ತೆಯ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮುಂಡರಗಿ ರಸ್ತೆಯಿಂದ ಹೊರಳಿ ಡೋಣಿಗೆ ಹೋಗುವಾಗ ಕಪ್ಪತಗುಡ್ಡದ ಬುಡದಲ್ಲಿ ಒಂದು ಕುರುಡು ತಿರುವಿದೆ. ಬೇವಿನ ಮರ, ಅದರ ಕೆಳಗೆ ದುರ್ಗವ್ವನ ಕಲ್ಲು. ಅಲ್ಲಿ ನಮ್ಮ ಮನೆಯವರು ಎರಡು ಗಿಡ್ಡ ಹಾರ್ನ್, ಒಂದು ಉದ್ದ ಹಾರ್ನ್ ಹಾಕುತ್ತೇವೆ. ಗಿಡ್ಡವು ಎದುರು ಬರುವವರಿಗೆ, ಉದ್ದದ್ದು ದುರ್ಗವ್ವನಿಗೆ. ಲಾರಿ ಓಡಿಸುತ್ತಿದ್ದ ನಮ್ಮ ಕಾಕಾ ನನಗೆ ಕಲಿಸಿದರು, ನಾನು ಸುಮಾಗೆ ಕಲಿಸಿದೆ. ಕೈಗೆ ಹತ್ತಿದ ಚಾಳಿ ಅದು. ಯಾವ ಊರಿನ ಕುರುಡು ತಿರುವು ಬಂದರೂ ಕೈ ತಾನಾಗಿ ಹೋಗುತ್ತದೆ.

ಸುಮಾಳ ಊರು

ವಿಮಾನ ನಿಲ್ದಾಣದಲ್ಲಿ ನನ್ನ ಚೀಲದ ವಿಭೂತಿ ಗಟ್ಟಿ ನೋಡಿ ಅಧಿಕಾರಿಯೊಬ್ಬ ಗಂಭೀರನಾದ. ಇದೇನು ಎಂದ. ಬೂದಿ ಎಂದೆ. ಯಾರದು ಎಂದ. ಆಕಳ ಸಗಣಿಯದು ಎಂದ ಮೇಲೆ ಅವನ ಮುಖ ಇನ್ನೂ ಬಿಗಿಯಿತು. ಕೊನೆಗೆ ಹಣೆಗೆ ಹಚ್ಚಿಕೊಂಡು ತೋರಿಸಿದೆ, ಬಿಟ್ಟುಬಿಟ್ಟ. ಅಕ್ಕ ಕಟ್ಟಿಕೊಟ್ಟ ಖಡಕ್ ರೊಟ್ಟಿ ಮಾತ್ರ ಪೂರ್ತಿ ಪುಡಿಯಾಗಿತ್ತು. ಸುಮಾ ಆ ಪುಡಿಯನ್ನೇ ಮೊಸರು, ಅಗಸಿ ಚಟ್ನಿ ಹಾಕಿ ಕಲಸಿ ತಿಂದಳು. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೋ ಬೇರೆಯದಕ್ಕೋ ನಾನು ಕೇಳಲಿಲ್ಲ.

ಊರಿನ ಹೆಸರು ಬರೆಯುವುದಿಲ್ಲ, ಬರೆಯಲು ಬರುವುದೂ ಇಲ್ಲ. ನಾಲಗೆಯನ್ನು ಹಲ್ಲಿಗೆ ಒತ್ತಿ ಗಾಳಿ ಬಿಡುವ ಒಂದು ಅಕ್ಷರ ಅದರಲ್ಲಿದೆ, ನಮ್ಮ ಅಕ್ಷರಮಾಲೆಯಲ್ಲಿ ಅದಕ್ಕೆ ಜಾಗವಿಲ್ಲ. ಶಿರಹಟ್ಟಿಗಿಂತ ಸಣ್ಣ ಊರು. ಅಂಗಡಿಯವರು ತಮ್ಮತಮ್ಮಲ್ಲಿ ವೆಲ್ಶ್ ಆಡುತ್ತಾರೆ, ನಮ್ಮನ್ನು ಕಂಡ ಕೂಡಲೇ ಇಂಗ್ಲಿಷಿಗೆ ಹೊರಳುತ್ತಾರೆ. ಹುಲಕೋಟಿಯಲ್ಲಿ ಸೂಟು ಹಾಕಿದವನು ಬಂದರೆ ನಮ್ಮವರೂ ಹೀಗೇ ಮಾಡುತ್ತಾರೆ.

ಅಲ್ಲಿ ನನ್ನನ್ನು ಮೊದಲು ಅಂಜಿಸಿದ್ದು ಸದ್ದಿಲ್ಲದಿರುವುದು. ಗದಗಿನ ಬಸ್ ಸ್ಟ್ಯಾಂಡಿನ ಎದುರು ಹಾರ್ನ್ ಇಲ್ಲದೆ ಯಾರೂ ಉಸಿರೂ ಬಿಡುವುದಿಲ್ಲ. ಅಲ್ಲಿ ಹಾರ್ನ್ ಎಂದರೆ ಬೈಗುಳ. ಅಡ್ಡ ಬಂದವನೂ ಕೈ ಎತ್ತಿ ಸಾರಿ ಎನ್ನುತ್ತಾನೆ, ತಪ್ಪಿಲ್ಲದವನೂ ಸಾರಿ ಎನ್ನುತ್ತಾನೆ. ಇಡೀ ದಿನ ಕಿವಿಗೆ ಹತ್ತಿ ತುರುಕಿಕೊಂಡ ಹಾಗಿತ್ತು.

ಊರಿನ ಬೆನ್ನಿಗೇ ಗುಡ್ಡ. ಅದರ ಮೇಲೆ ಗಾಳಿಯಂತ್ರಗಳು, ಥೇಟ್ ಕಪ್ಪತಗುಡ್ಡದಂಥವೇ. ನಮ್ಮವು ಬಿಸಿಲಲ್ಲಿ ಕಣ್ಣಿಗೆ ಕಾಣುವಂತೆ ತಿರುಗುತ್ತವೆ. ಅಲ್ಲಿ ಮಂಜಿನಲ್ಲಿ ಯಂತ್ರ ಕಾಣುವುದಿಲ್ಲ, ಸದ್ದು ಮಾತ್ರ ಬರುತ್ತದೆ, ಯಾರೋ ದಣಿದವರು ಏರು ಹತ್ತಿ ಬರುತ್ತಿರುವ ಹಾಗೆ. ಸುಮಾಳ ಕೋಣೆಯ ಒಂದು ಕಿಟಕಿ ಆ ಕಡೆಗಿದೆ. ಅದರ ಪರದೆಯನ್ನು ಹಗಲಲ್ಲೂ ಎಳೆದಿದ್ದಳು.

"ಎಂಥಾ ಗಾಡಿ ಬೇಕವಾ ನಿನಗ?" ಎಂದು ಕೇಳಿದೆ.

"ಸಣ್ಣದಿರಬೇಕ್ರಿ ಮಾಮಾ. ರಸ್ತಾದ ಎರಡೂ ಕಡೆ ಕಲ್ಲಿನ ಗ್ವಾಡಿ ಅದಾವು. ಏರಿನ್ಯಾಗ ಎಳೀಬೇಕು, ಇಳಕಲಿನ್ಯಾಗ ನಿಂದ್ರಬೇಕು." ಪರದೆಯ ಅಂಚನ್ನು ಇನ್ನಷ್ಟು ಎಳೆದು ಹೇಳಿದಳು: "ನೀವ ಓಡಸ್ರಿ, ನಾ ಬಾಜೂಕ ಕುಂಡ್ರತೀನಿ. ಅದಕ್ಕಿಂತ ಹೆಚ್ಚ ಕೇಳಬ್ಯಾಡ್ರಿ."

ಬಿಳಿ ಗಾಡಿ: ಊರಂಚಿನ ಶೋರೂಮು

ಮೊದಲು ನೋಡಿದ್ದು ಜರ್ಮನಿಯ ಬಿಳಿ ಗಾಡಿ. ಮಾರುವವನು ನನ್ನ ಪಕ್ಕದಲ್ಲಿ ಕೂತ, ಸುಮಾ ಹಿಂದೆ. ಅಲ್ಲೂ ಎಡಗಡೆಯೇ ಓಡಿಸುತ್ತಾರೆ, ಅದೊಂದು ಪುಣ್ಯ. ಅವಳು ದಿನಾ ಹೋಗುತ್ತಿದ್ದ ಗುಡ್ಡದ ರಸ್ತೆಯಲ್ಲೇ ಪರೀಕ್ಷೆ ಮಾಡಬೇಕೆಂದು ನಾನು ಹಟ ಹಿಡಿದಿದ್ದೆ. ಗಾಡಿ ಕೊಳ್ಳುವುದು ಶೋರೂಮಿನ ಅಂಗಳದಲ್ಲಿ ಓಡಿಸಲಿಕ್ಕಲ್ಲ.

ಗಾಡಿ ಬಹಳ ಸಂಭಾವಿತ. ಗೇರು ತಾನೇ ಬದಲಿಸುತ್ತದೆ, ಬೆಣ್ಣೆಯಲ್ಲಿ ಚಾಕು ಇಳಿದಂತೆ ಏರು ಹತ್ತುತ್ತದೆ. ಕಾಲೂರಿದರೆ ಬೆನ್ನು ಸೀಟಿಗೆ ಅಂಟುತ್ತದೆ, ಆದರೆ ಎಂಜಿನ್ನಿನ ದನಿ ಏರುವುದಿಲ್ಲ. ಹೊಸ ಅಳಿಯ ಅತ್ತೆಮನೆಯಲ್ಲಿ ಊಟ ಮಾಡಿದ ಹಾಗೆ, ಎಷ್ಟು ಉಂಡನೆಂದು ತಿಳಿಯುವುದೇ ಇಲ್ಲ. ನನಗೆ ಸೇರದಿದ್ದುದು ಅದರ ಅತಿಬುದ್ಧಿ. ಗೆರೆಯ ಹತ್ತಿರ ಹೋದರೆ ಸ್ಟೇರಿಂಗನ್ನು ತಾನೇ ತಿರುಗಿಸುತ್ತದೆ. ಮಂಜಿನೊಳಗೆ ಹೋದ ಮೇಲೆ ಗೆರೆ ಎಲ್ಲಿದೆಯೆಂದು ನನಗೇ ಕಾಣುತ್ತಿರಲಿಲ್ಲ, ಅದು ಮಾತ್ರ ನನ್ನ ಕೈಯೊಳಗೆ ಅಲುಗುತ್ತಿತ್ತು. ಬೇರೆ ಯಾರದೋ ಕೈ ಮೇಲೆ ಕೈ ಇಟ್ಟು ಕೂತಂತೆ ಮೈ ಜುಂ ಎಂದಿತು.

ಗುಡ್ಡದ ಮೇಲೆ ಪೈನ್ ಮರಗಳ ಸಾಲು ಮುಗಿಯುವಲ್ಲಿ ಒಂದು ಕುರುಡು ತಿರುವು. ನಾನು ನಿಧಾನಕ್ಕೇ ಇದ್ದೆ. ಗಾಡಿ ಒಮ್ಮೆಲೇ ತಾನೇ ಬ್ರೇಕ್ ಹಾಕಿ ನಿಂತಿತು. ಮೂವರ ತಲೆಯೂ ಮುಂದಕ್ಕೆ ಹೋಗಿ ಬಂತು. ಎದುರಿನ ಪರದೆಯ ಮೇಲೆ ನಡೆಯುವ ಮನುಷ್ಯನ ಕೆಂಪು ಚಿತ್ರ ಮೂಡಿ, ಆರಿತು.

ರಸ್ತೆಯ ಮೇಲೆ ಯಾರೂ ಇರಲಿಲ್ಲ. ಕುರಿಯೂ ಇರಲಿಲ್ಲ.

"ಮಂಜು ಕೆಲವು ಸಲ ಅದಕ್ಕೆ ಮೋಸ ಮಾಡುತ್ತದೆ," ಎಂದ ಮಾರುವವನು. ನನಗೂ ಕ್ಷಮೆ ಕೇಳಿದ, ಗಾಡಿಗೂ ಕೇಳಿದನೇನೋ. ಕನ್ನಡಿಯಲ್ಲಿ ಸುಮಾಳ ಮುಖ ನೋಡಿದೆ. ಅವಳು ಕಿಟಕಿಯ ಆಚೆಗಿನ ಚರಂಡಿಯನ್ನು ನೋಡುತ್ತಿದ್ದಳು. ಅವಳ ಗಾಡಿ ಬಿದ್ದದ್ದು ಇದೇ ತಿರುವಿನಲ್ಲಿ ಎಂದು ನನಗೆ ಕೇಳದೆಯೇ ತಿಳಿಯಿತು.

ಹಳದಿ ಗಾಡಿ: ಆಟದ ಟೀಚರ ಮನೆ

ಎರಡನೆಯದು ಫ್ರಾನ್ಸಿನ ಹಳದಿ ಗಾಡಿ, ಎರಡೇ ಬಾಗಿಲಿನದು. ಶಾಲೆಯಲ್ಲಿ ಆಟ ಕಲಿಸುವ ಒಬ್ಬ ಹೆಣ್ಣುಮಗಳದು. ಏಕೆ ಮಾರುತ್ತೀರಿ ಎಂದಾಗ ಹೊಟ್ಟೆಯ ಮೇಲೆ ಕೈ ಇಟ್ಟು ನಕ್ಕಳು. ಹಿಂದಿನ ಸೀಟಿನಲ್ಲಿ ಕೂಸಿನ ಕುರ್ಚಿ ಹಿಡಿಯುವುದಿಲ್ಲವಂತೆ. ನಮ್ಮ ಹೆಸರನ್ನೂ ಸರಿಯಾಗಿ ಕೇಳದೆ ಕೀಲಿ ಕೊಟ್ಟು, ಹೋಗಿ ಓಡಿಸಿ ಬನ್ನಿ ಎಂದಳು. ಗದಗಿನಲ್ಲಾದರೆ ಮೈದುನನನ್ನು ಜೊತೆಗೆ ಕೂರಿಸಿ ಕಳಿಸುತ್ತಿದ್ದರು.

ಇದನ್ನು ಓಡಿಸಿದ ಸಂತೋಷವನ್ನು ಮುಚ್ಚಿಡುವುದಿಲ್ಲ. ನೆಲಕ್ಕೆ ಕಚ್ಚಿಕೊಂಡ ಗಾಡಿ. ಸ್ಟೇರಿಂಗ್ ಒಂದಿಷ್ಟು ಅಲುಗಿಸಿದರೆ ಮೂತಿ ಅಲ್ಲಿರುತ್ತದೆ. ತಿರುವಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂಭಾಗ ತುಸು ಜಾರಿ ತಾನೇ ಸಾಲಿಗೆ ಬರುತ್ತದೆ. ಎಂಜಿನ್ನು ಕೆಳಗೆ ಗೊಣಗುತ್ತದೆ, ಮೇಲೆ ಹಾಡುತ್ತದೆ. ಐವತ್ತು ದಾಟಿದ ನಾನು ಒಬ್ಬನೇ ನಗುತ್ತಿದ್ದೆ. ಸ್ಪ್ರಿಂಗು ಮಾತ್ರ ಕಲ್ಲು. ಇದನ್ನು ಹುಲಕೋಟಿ ರಸ್ತೆಗೆ ತಂದರೆ ಬಿಂಕದಕಟ್ಟಿ ದಾಟುವಷ್ಟರಲ್ಲಿ ಬೆನ್ನುಮೂಳೆಯ ಮಣಿಗಳು ಒಂದೊಂದಾಗಿ ಲೆಕ್ಕಕ್ಕೆ ಸಿಗುತ್ತವೆ.

"ಮಾಮಾ, ನಿಮಗ ಇದ ಬೇಕಲ್ಲಾ?" ಎಂದಳು ಸುಮಾ. ಬಹಳ ದಿನದ ಮೇಲೆ ಅವಳ ದನಿಯಲ್ಲಿ ಚೇಷ್ಟೆ ಇತ್ತು.

"ನನಗ ಬೇಕು ಖರೆ. ನಿಮ್ಮ ಮಾಮಿ ಒಳಗ ಕುಂಡ್ರಾಕ ಹೋದ್ರ ಹೊರಗ ತಗ್ಯಾಕ ಇಬ್ರು ಬೇಕು."

ನಗುತ್ತ ನಗುತ್ತಲೇ ಪೈನ್ ಮರಗಳ ತಿರುವಿಗೆ ಬಂದಿದ್ದೆವು. ಮಂಜು ಆ ದಿನ ತೆಳುವಾಗಿತ್ತು. ಎದುರಿನ ರಸ್ತೆ ಕಾಣದ ಕೂಡಲೇ ನನ್ನ ಕೈ ತಾನಾಗಿ ಹೋಯಿತು. ಎರಡು ಗಿಡ್ಡ, ಒಂದು ಉದ್ದ.

ಮಂಜಿನ ಆಚೆಯಿಂದ ಉತ್ತರ ಬಂತು. ಒಂದೇ, ಉದ್ದದ್ದು, ಗಂಟಲು ಕಟ್ಟಿದಂಥ ದನಿ.

ಎದುರಿಗೆ ಗಾಡಿ ಬರುತ್ತಿದೆ ಎಂದು ನಾನು ಬದಿಗೆ ನಿಲ್ಲಿಸಿದೆ. ಕಾದೆವು. ಯಾವ ಗಾಡಿಯೂ ಬರಲಿಲ್ಲ. ಗಾಳಿಯಂತ್ರಗಳ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಪಕ್ಕಕ್ಕೆ ನೋಡಿದರೆ ಸುಮಾ ಎರಡೂ ಕೈಯಿಂದ ಸೀಟ್ ಬೆಲ್ಟನ್ನು ಬಿಗಿಯಾಗಿ ಹಿಡಿದಿದ್ದಳು.

"ಅದ," ಎಂದಳು. "ಮಾಮಾ, ಅದನ್ರಿ ಅದು."

"ಯಾವದು?"

"ನಾ ದಿನಾ ಸಂಜೀಮುಂದ ಇಲ್ಲಿ ನೀವು ಕಲಿಸಿದಂಗ ಹಾರ್ನ್ ಹೊಡೀತಿದ್ದೆ. ದಿನಾ ಅದು ತಿರುಗಿ ಹೊಡೀತಿತ್ತು. ಯಾವದೋ ಗಾಡಿ ಅನ್ಕೊಂಡಿದ್ದೆ, ಆದ್ರ ಒಂದ ದಿನಾನೂ ಗಾಡಿ ಎದುರಿಗೆ ಬರಲಿಲ್ಲ. ಅವತ್ತ ನಾ ಬಿದ್ದಮ್ಯಾಲೆ ಬಾಗಲಾ ತಗೀಲಿಲ್ಲ, ಫೋನಿಗೆ ರೇಂಜ್ ಇಲ್ಲ, ಹಾರ್ನ್ ಒಂದ ನಡೀತಿತ್ತು. ಹೊಡದೆ. ಅದೂ ಹೊಡೀತು. ಯಾರೋ ಬಂದ್ರಂತ ಜೀವ ಬಂತು. ಬರಲಿಲ್ಲ. ಮತ್ತ ಹೊಡದೆ, ಮತ್ತ ಹೊಡೀತು. ಕತ್ತಲಾಗೂತನಕಾ ನಾ ಕರದಂಗ ಅದು ಓ ಅನಕೋತ ಇತ್ತ್ರಿ. ಹತ್ರ ಬರಲಿಲ್ಲ, ದೂರ ಹೋಗಲಿಲ್ಲ."

"ಆಮ್ಯಾಲೆ?"

"ನಾ ಹೊಡಿಯೂದು ಬಿಟ್ಟೆ. ಆಗ ಅದು ತಾನಾಗೇ ಒಂದ ಸಲ ಹೊಡೀತು."

ಕೊನೆಗೆ ಕುರಿ ಹುಡುಕಿಕೊಂಡು ಬಂದ ಒಬ್ಬ ರೈತ ಅವಳನ್ನು ಹೊರಗೆ ತೆಗೆದಿದ್ದನಂತೆ. ಅವನಿಗೆ ಯಾವ ಹಾರ್ನೂ ಕೇಳಿಸಿರಲಿಲ್ಲವಂತೆ, ಅವನು ಗಾಳಿಯ ಇನ್ನೊಂದು ಮಗ್ಗುಲಿನಲ್ಲಿದ್ದ. ಇದನ್ನು ಅವಳು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ತಲೆಯ ಡಾಕ್ಟರಿಗೆ ತೋರಿಸುತ್ತಾರೆಂಬ ಅಂಜಿಕೆ. ಚಿಕ್ಕಂದಿನಲ್ಲಿ ನಮ್ಮ ಅವ್ವ ಹೇಳುತ್ತಿದ್ದಳು, ಕತ್ತಲಲ್ಲಿ ಯಾರಾದರೂ ಒಮ್ಮೆ ಕರೆದರೆ ಓ ಅನ್ನಬಾರದು ಎಂದು. ನಾವು ಕರೆದಾಗ ಬೇರೆ ಯಾವುದೋ ಓ ಎಂದರೆ ಏನು ಮಾಡಬೇಕೆಂದು ಅವಳೂ ಹೇಳಿಕೊಟ್ಟಿರಲಿಲ್ಲ. ನಾನು ಗಾಡಿ ಹಿಂದಕ್ಕೆ ತಿರುಗಿಸಿದೆ. ಇಡೀ ದಾರಿ ನನಗೆ ಎಂಜಿನ್ನಿನ ಹಾಡು ಕೇಳಿಸಲಿಲ್ಲ.

ನೀಲಿ ಗಾಡಿ: ಗುಡ್ಡದ ಮೇಲಿನ ಮನೆ

ಮೂರನೆಯದರ ಸುದ್ದಿ ಕಿರಾಣಿ ಅಂಗಡಿಯ ಬೋರ್ಡಿನ ಮೇಲಿತ್ತು. 'ಸಣ್ಣ ಕಾರು, ವೇಗದ್ದು, ಒಳ್ಳೆಯ ಮನೆಗೆ ಮಾತ್ರ' ಎಂದು ಯಾರೋ ಕೈಯಲ್ಲಿ ಬರೆದಿದ್ದರು. ನಮ್ಮಲ್ಲಿ ಆಕಳು ಮಾರುವವರು ಹೀಗೆ ಹೇಳುತ್ತಾರೆ. ವಿಳಾಸ ನೋಡಿ ಸುಮಾ ತಲೆ ಅಲ್ಲಾಡಿಸಿದಳು. ಮನೆ ಇದ್ದದ್ದು ಅದೇ ರಸ್ತೆಯಲ್ಲಿ. ಆ ತಿರುವು ಬರದಂತೆ ಗುಡ್ಡದ ಆಚೆಯಿಂದ ಸುತ್ತಿ ಟ್ಯಾಕ್ಸಿಯಲ್ಲಿ ಹೋಗೋಣ ಎಂದು ರಮಿಸಿ ಒಪ್ಪಿಸಿದೆ.

ರಸ್ತೆಗೆ ಒಂದು ಕಬ್ಬಿಣದ ಗೇಟು. ಅಲ್ಲಿಂದ ಒಳಗೆ ಬಹಳ ದೂರ ಕಿರುದಾರಿ, ಪೈನ್ ಮರಗಳ ಹಿಂದೆ ಮನೆ, ಮನೆಯ ಬೆನ್ನಿಗೆ ತಗಡಿನ ಶೆಡ್ಡು. ಒಬ್ಬಳೇ ಮುದುಕಿ, ಹೆಸರು ಗ್ವೆನ್. ಗಂಡ ಹಿಂದಿನ ಬೇಸಿಗೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡನಂತೆ. ಕಾರು ಅವನದು, ಜಪಾನಿನ ನೀಲಿ ಗಾಡಿ, ಹಳೆಯದು. ಎಪ್ಪತ್ತು ದಾಟಿದ ಕುರಿ ಸಾಕುವವನು ಇಂಥ ಗಾಡಿ ಏಕೆ ಕೊಂಡ ಎಂದು ಕೇಳಿದೆ. "ಅವನಿಗೆ ಮನೆಗೆ ಬರುವ ಆತುರ," ಎಂದಳು.

ನಾನು ಮೇಲಿನ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆ. ಬಿಳಿಯದರಷ್ಟು ನಯವಿಲ್ಲ, ಹಳದಿಯಷ್ಟು ತುಂಟತನವಿಲ್ಲ. ಆದರೆ ಹಗುರ. ಧಣಿ ಹೇಳಿದ ಮಾತಿನಂತೆ ಆಳು ನಡೆದ ಹಾಗೆ, ಕೈ ಕೇಳಿದ್ದನ್ನು ಅಷ್ಟೇ ಕೊಡುತ್ತದೆ. ಶಿರಹಟ್ಟಿ ಹತ್ತಿರದ ನಮ್ಮ ಹೊಲಕ್ಕೆ ಅಪ್ಪ ಎತ್ತು ತರುವಾಗ ಏರಿನಲ್ಲಿ ಎಳೆಯುವುದನ್ನು ನೋಡುತ್ತಲೇ ಇರಲಿಲ್ಲ. ಹೇರು ತುಂಬಿದ ಚಕ್ಕಡಿಯನ್ನು ಇಳುಕಲಿನಲ್ಲಿ ತಡೆದು ಹಿಡಿಯುವ ಎತ್ತು ಯಾವುದು ಎಂದು ನೋಡುತ್ತಿದ್ದ. ನಾನು ಈ ಗಾಡಿಯನ್ನು ಎರಡನೇ ಗೇರಿನಲ್ಲಿ ಇಳುಕಲಿಗೆ ಬಿಟ್ಟೆ. ಎಂಜಿನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಒದ್ದೆ ರಸ್ತೆಯಲ್ಲಿ ಬ್ರೇಕು ಒತ್ತಿದಾಗ ಅತ್ತಿತ್ತ ಓಲಾಡದೆ ನಿಂತಿತು. ನನಗಾದರೆ ಈಗಲೂ ಹಳದಿಯೇ ಬೇಕು. ಸುಮಾಗೆ ಇದು ಎಂದು ಅಲ್ಲಿಯೇ ತೀರ್ಮಾನ ಮಾಡಿದೆ.

ಅಂಗಳಕ್ಕೆ ಬಂದು ದೀಪ, ವೈಪರು, ಇಂಡಿಕೇಟರು ನೋಡಿದೆ. ಅಂಗಡಿಯ ರೂಢಿಯಂತೆ ಹಾರ್ನನ್ನೂ ಒತ್ತಿದೆ. ಕೈಗೆ ಬೇರೆ ಪಾಠ ಗೊತ್ತಿಲ್ಲ: ಎರಡು ಗಿಡ್ಡ, ಒಂದು ಉದ್ದ.

ಅಡುಗೆಮನೆಯಲ್ಲಿ ಏನೋ ಬಿದ್ದು ಒಡೆಯಿತು. ಗ್ವೆನ್ ಬಾಗಿಲಿಗೆ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ.

"ಅದು ನೀವಾ?" ಎಂದಳು. "ಆ ತಿರುವಿನಲ್ಲಿ, ಪ್ರತಿ ಸಂಜೆ. ಅದು ನೀವಾ?"

ಸುಮಾ ನನ್ನ ಪಕ್ಕದಿಂದ ನಿಧಾನವಾಗಿ ಹೇಳಿದಳು: "ನಾನು. ನಮ್ಮ ಊರಿನಲ್ಲಿ ಹಾಗೆ ಹೊಡೆಯುತ್ತೇವೆ."

ಒಳಗೆ ಕೂತ ಮೇಲೆ ಗ್ವೆನ್ ಹೇಳಿದ್ದು ಇಷ್ಟು. ಅವಳ ಗಂಡ ಸಂಜೆ ಮನೆಗೆ ಬರುವಾಗ ಆ ತಿರುವಿನಲ್ಲಿ ಹಾರ್ನ್ ಹಾಕುತ್ತಿದ್ದ. ಆ ರಸ್ತೆಯಲ್ಲಿ ಬೇರೆ ಯಾರೂ ಹಾರ್ನ್ ಹಾಕುವವರಲ್ಲ. ಅದು ಕೇಳಿದರೆ ಅವಳು ಚಹಕ್ಕೆ ನೀರು ಇಡುತ್ತಿದ್ದಳು, ಇಟ್ಟೆ ಎಂದು ತಿಳಿಸಲು ಶೆಡ್ಡಿಗೆ ಹೋಗಿ ಟ್ರ್ಯಾಕ್ಟರಿನ ಹಾರ್ನ್ ಒಮ್ಮೆ ಒತ್ತುತ್ತಿದ್ದಳು. ಅವನು ಸತ್ತ ಮೇಲೆ ಎಲ್ಲ ನಿಂತಿತು. ಎಲೆ ಉದುರುವ ಕಾಲಕ್ಕೆ, ಒಂದು ಸಂಜೆ, ಅದೇ ಹೊತ್ತಿಗೆ, ಅದೇ ತಿರುವಿನಿಂದ ಹಾರ್ನ್ ಕೇಳಿತು. ಅವಳು ನೀರು ಇಟ್ಟಳು. ಶೆಡ್ಡಿಗೆ ಹೋಗಿ ಉತ್ತರ ಕೊಟ್ಟಳು. ಅಂದಿನಿಂದ ದಿನಾ ಎರಡು ಕಪ್ಪು ಇಡುತ್ತಿದ್ದಳು. ಸುಮಾಗೆ ಆ ರಸ್ತೆಯ ಕೆಲಸ ಸಿಕ್ಕಿದ್ದು ಎಲೆ ಉದುರುವ ಕಾಲದಲ್ಲೇ.

"ಅವನದು ಒಂದೇ ಉದ್ದ ಹಾರ್ನ್," ಎಂದಳು ಗ್ವೆನ್. "ಇದು ಬೇರೆ ಅಂತ ನನಗೆ ಗೊತ್ತಿತ್ತು. ಹೋದಲ್ಲಿ ಅಭ್ಯಾಸ ಬದಲಾಗಿರಬಹುದು ಅಂದುಕೊಂಡೆ."

"ಆ ಮಂಜಿನ ದಿನ?" ಸುಮಾ ಕೇಳಿದಳು. "ನಾನು ಎಷ್ಟು ಸಲ ಕರೆದೆ."

"ಕೇಳಿಸಿತು, ಮಗಳೇ. ಪ್ರತಿ ಸಲ ಉತ್ತರ ಕೊಟ್ಟೆ. ಗೇಟಿನವರೆಗೂ ಬಂದೆ. ಚಿಲಕದ ಮೇಲೆ ಕೈ ಇಟ್ಟೆ." ಅವಳು ತನ್ನ ಅಂಗೈ ನೋಡಿಕೊಂಡಳು. "ತೆಗೆದು ನೋಡಿ, ಅಲ್ಲಿ ಅವನು ಇಲ್ಲದಿದ್ದರೆ, ನನ್ನ ಪಾಲಿಗೆ ಎರಡನೇ ಸಲ ಸತ್ತಂತೆ. ತಿರುಗಿ ಹೋದೆ. ಆಮೇಲೆ ಅದು ನಿಂತುಹೋಯಿತು. ಒಮ್ಮೆ ನಾನಾಗಿಯೇ ಕರೆದು ನೋಡಿದೆ. ಮತ್ತೆ ಎಂದೂ ಬರಲಿಲ್ಲ, ಮೊನ್ನೆಯವರೆಗೆ."

ಮೊನ್ನೆಯದು ನನ್ನದು. ನನಗೆ ತಲೆ ತಗ್ಗಿಸುವಂತಾಯಿತು. ಒಂದು ಬೇವಿನ ಮರಕ್ಕೆ ಹಾಕುವ ಹಾರ್ನನ್ನು ನಾವು ಸಮುದ್ರ ದಾಟಿಸಿ ತಂದು, ಒಬ್ಬ ಹೆಂಗಸಿನ ಸತ್ತ ಗಂಡನನ್ನು ದಿನಾ ಮನೆಗೆ ಕರೆತಂದಿದ್ದೆವು.

ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಸುಮಾ ಅಳತೊಡಗಿದಳು, ಗ್ವೆನ್ ಎದ್ದು ಹೋಗಿ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಒಬ್ಬರನ್ನೊಬ್ಬರು ನೋಡದೆಯೇ ಇಷ್ಟು ದಿನ ಅಂಜಿಸಿಕೊಂಡಿದ್ದ ಇಬ್ಬರೂ ಆಮೇಲೆ ನಗಲೂ ತೊಡಗಿದರು. ನಾನು ಒಡೆದ ಕಪ್ಪಿನ ಚೂರು ಆರಿಸಿದೆ.

ಗೇಟು

ಕ್ರಯದ ಮಾತು ಬೇಗ ಮುಗಿಯಿತು. ವಿಮೆಯ ಕೆಲಸವನ್ನು ಸುಮಾ ಅಡುಗೆಮನೆಯ ಕಿಟಕಿಯ ಬಳಿ ನಿಂತು ಫೋನಿನಲ್ಲೇ ಮಾಡಿದಳು. ಅಲ್ಲೊಂದು ಕಡೆ ಮಾತ್ರ ರೇಂಜ್ ಸಿಗುತ್ತಿತ್ತು. ಹೊರಗೆ ಬಂದಾಗ ನಾನು ಕೀಲಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ.

"ನೀವು ಆ ಕಡೆ ಕುಂಡ್ರಿ ಮಾಮಾ."

ನನ್ನ ಎದೆ ತುಂಬಿ ಬಂತು. ಬಾಯಲ್ಲಿ ಮಾತ್ರ, "ಕ್ಲಚ್ ಮ್ಯಾಲೆ ಕಾಲ ಇಟ್ಟುಕೊಂಡ ಕುಂಡ್ರಬ್ಯಾಡ, ಸುಟ್ಟೀತು," ಎಂದೆ.

ಕುರಿಗಳು ರಸ್ತೆಗೆ ಹೋಗದಂತೆ ಗೇಟು ಹಾಕಿಕೊಳ್ಳಬೇಕಿತ್ತು, ಹಾಗಾಗಿ ಗ್ವೆನ್ ಕೂಡ ಹಿಂದಿನ ಸೀಟಿನಲ್ಲಿ ಕೂತು ಗೇಟಿನವರೆಗೆ ಬಂದಳು. ಅವಳು ಇಳಿದು ಗೇಟು ತೆಗೆದಳು, ನಾವು ಹೊರಗೆ ಬಂದ ಮೇಲೆ ಮುಚ್ಚಿ ಚಿಲಕ ಹಾಕಿದಳು. ಕಿಟಕಿಯ ಹತ್ತಿರ ಬಗ್ಗಿ ಸುಮಾಗೆ ಹೇಳಿದಳು: "ಇನ್ನು ಮೇಲೂ ಆ ತಿರುವಿನಲ್ಲಿ ಹಾರ್ನ್ ಹೊಡಿ. ಯಾರೆಂದು ಈಗ ನನಗೆ ಗೊತ್ತಿದೆ. ಉತ್ತರ ಕೊಡುತ್ತೇನೆ."

ತಿರುವು ಗೇಟಿನಿಂದ ಸ್ವಲ್ಪವೇ ಕೆಳಗೆ. ಸುಮಾ ಎರಡನೇ ಗೇರಿನಲ್ಲಿ ಇಳಿಸಿದಳು, ಎಂಜಿನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಪೈನ್ ಮರಗಳು ಮುಗಿಯುವಲ್ಲಿ ಒಂದು ಉಸಿರು ಎಳೆದುಕೊಂಡು ಹೊಡೆದಳು: ಎರಡು ಗಿಡ್ಡ, ಒಂದು ಉದ್ದ.

ಉತ್ತರ ಬಂತು. ಶೆಡ್ಡಿನ ಕಡೆಯಿಂದ, ಒಂದೇ, ಉದ್ದದ್ದು, ಗಂಟಲು ಕಟ್ಟಿದ ದನಿ.

"ಅಜ್ಜಿ ಎಷ್ಟ ಜಲ್ದಿ ಹೋಗಿ ಹೊಡದ್ಲು ನೋಡ್ರಿ," ಎಂದು ಸುಮಾ ನಕ್ಕಳು. ಚಳಿಗಾಲ ಶುರುವಾದಾಗಿನಿಂದ ಅಕ್ಕ ಫೋನಿನಲ್ಲಿ ಕೇಳಲು ಕಾಯುತ್ತಿದ್ದ ನಗು ಅದು.

ನಾನು ಪಕ್ಕದ ಕನ್ನಡಿಯಲ್ಲಿ ನೋಡಿದೆ. ಗ್ವೆನ್ ಗೇಟಿನ ಹತ್ತಿರವೇ ನಿಂತಿದ್ದಳು. ನಮ್ಮನ್ನು ಬೀಳ್ಕೊಡಲು ಎತ್ತಿದ ಕೈ ಎತ್ತಿದಂತೆಯೇ ಇತ್ತು. ಆಮೇಲೆ ಅವಳು ಕೈ ಇಳಿಸಿ, ನಿಧಾನವಾಗಿ, ಶೆಡ್ಡಿನ ಕಡೆಗೆ ತಿರುಗಿದಳು. ಓಡಲಿಲ್ಲ. ಕೊರಳಿನ ಸ್ಕಾರ್ಫ್ ಸರಿಮಾಡಿಕೊಂಡು ಒಳಗಿನ ದಾರಿ ಹಿಡಿದು ನಡೆದಳು. ಮಂಜು ಮುಚ್ಚಿತು.

"ಏನ್ ನೋಡಾಕ ಹತ್ತೀರಿ ಮಾಮಾ?"

"ಏನಿಲ್ಲವಾ. ನೀ ಮುಂದ ನೋಡಿ ಓಡಸು."

ಅವಳು ಊರು ಮುಟ್ಟುವವರೆಗೆ ಚೆನ್ನಾಗಿ ಓಡಿಸಿದಳು. ಮಾರನೆಯ ವಾರದಿಂದ ಮತ್ತೆ ಅದೇ ರಸ್ತೆಯ ಕೆಲಸಕ್ಕೆ ಹೋಗುತ್ತಿದ್ದಾಳೆ, ದಿನಾ ಸಂಜೆ ಆ ತಿರುವು ದಾಟುತ್ತಾಳೆ, ದಿನಾ ಉತ್ತರ ಬರುತ್ತದೆ. ಅಕ್ಕಾ, ನೀನು ಇದನ್ನು ಓದುತ್ತೀ ಎಂದು ನನಗೆ ಗೊತ್ತು. ಫೋನಿನಲ್ಲಿ ಅವಳಿಗೆ ಹೇಳಬೇಡ.